ತಡವಾಗಿ ಬಂದರೂ ತಾಳ ತಪ್ಪದವನು

ಮೂವತ್ತು ವರ್ಷದ ಸಂಗೀತಯಾನ, ಮೂರೇ ಮೂರು ಸ್ಟುಡಿಯೊ ಆಲ್ಬಂ. 1995ರಲ್ಲಿ ‘ಬ್ರೌನ್ ಶುಗರ್’, 2000ದಲ್ಲಿ ‘ವೂಡೂ’, 2014ರಲ್ಲಿ ‘ಬ್ಲ್ಯಾಕ್ ಮೆಸಾಯ’. ಅಮೆರಿಕದ ಗಾಯಕ ಡಿ’ಏಂಜೆಲೋ 2025ರ ಅಕ್ಟೋಬರ್ 14ರಂದು ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರಿನಿಂದ ತೀರಿಕೊಂಡಾಗ ಅವನಿಗೆ 51 ವರ್ಷ. ನಾಲ್ಕನೆಯ ಆಲ್ಬಂ ತಯಾರಾಗುತ್ತಿದೆ ಎಂಬ ಸುದ್ದಿ ಮೊದಲೇ ಹಬ್ಬಿತ್ತು. ಅವನಿರುವಾಗ ಅದು ಹೊರಬರಲಿಲ್ಲ. ವಾರಕ್ಕೊಂದು ಹಾಡು ಬಿಟ್ಟು ಜನರ ನೆನಪಿನಲ್ಲಿ ಉಳಿಯಲು ಗಾಯಕರು ಹೆಣಗುವ ಈ ಕಾಲದಲ್ಲಿ, ಹದಿನಾಲ್ಕು ವರ್ಷ ಸುಮ್ಮನಿದ್ದವನನ್ನು ಸಂಗೀತಗಾರರೆಲ್ಲ ಗುರುವೆಂದು ಏಕೆ ಕರೆಯುತ್ತಾರೆ? ನಿಧಾನವೇ ಅವನ ದೊಡ್ಡತನ ಎಂದು ಅಭಿಮಾನಿಗಳು ಥಟ್ಟನೆ ಹೇಳಿಬಿಡುತ್ತಾರೆ. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. ಅವನ ಬದುಕಿನಲ್ಲಿ ಎರಡು ಬಗೆಯ ತಡ ಇದ್ದವು. ಒಂದು ಅವನೇ ಆರಿಸಿಕೊಂಡದ್ದು, ಇನ್ನೊಂದು ಅವನ ಮೇಲೆ ಬಂದೆರಗಿದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಹುಟ್ಟುಹೆಸರು ಮೈಕೆಲ್ ಯೂಜೀನ್ ಆರ್ಚರ್. 1974ರ ಫೆಬ್ರವರಿ 11ರಂದು ವರ್ಜೀನಿಯಾ ರಾಜ್ಯದ ರಿಚ್‌ಮಂಡ್‌ನಲ್ಲಿ ಹುಟ್ಟಿದ. ತಂದೆ ಪೆಂಟೆಕೋಸ್ಟಲ್ ಪಂಗಡದ ಬೋಧಕ. ಕಪ್ಪು ಅಮೆರಿಕನ್ನರ ಈ ಚರ್ಚುಗಳಲ್ಲಿ ಸಂಗೀತ ಆರಾಧನೆಗೆ ಹಚ್ಚಿದ ಅಲಂಕಾರವಲ್ಲ, ಆರಾಧನೆಯೇ ಅದು. ಬೋಧಕ ದನಿ ಏರಿಸಿದಂತೆ ಆರ್ಗನ್ ನುಡಿಸುವವನು ಅವನ ಬೆನ್ನಿಗೆ ಹೋಗಬೇಕು, ಅವನು ಉಸಿರು ತೆಗೆದುಕೊಳ್ಳುವಾಗ ಆ ಜಾಗ ತುಂಬಬೇಕು. ಯಾರದೋ ಮೈಮೇಲೆ ಬಂತೆಂದರೆ ಹಾಡು ನಿಲ್ಲುವಂತಿಲ್ಲ. ಗಡಿಯಾರ ನೋಡಿ ಮುಗಿಸುವ ಪದ್ಧತಿ ಅಲ್ಲಿಲ್ಲ. ಈ ಹುಡುಗ ಕೀಬೋರ್ಡಿನ ಮುಂದೆ ಕೂತು ಬೆಳೆದದ್ದು ಇಂಥ ಕಡೆ. ಚರ್ಚು ಬಿಟ್ಟು ಲೌಕಿಕ ಹಾಡಿಗೆ ಬರುವುದು ಆ ಸಮಾಜದಲ್ಲಿ ಸಣ್ಣ ಸಂಗತಿಯಲ್ಲ. ಅವನು ಆರಾಧಿಸುತ್ತಿದ್ದ ಗಾಯಕ ಮಾರ್ವಿನ್ ಗೇ ಕೂಡ ಬೋಧಕನ ಮಗನೇ. 1984ರಲ್ಲಿ ಹೆತ್ತ ತಂದೆಯ ಗುಂಡಿಗೆ ಬಲಿಯಾದವನು.

ಹದಿಹರೆಯದಲ್ಲೇ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಅಪೊಲೊ ಥಿಯೇಟರಿನ ಹವ್ಯಾಸಿಗಳ ಸ್ಪರ್ಧೆಯಲ್ಲಿ ಗೆದ್ದ. ಹಿಡಿಸದಿದ್ದರೆ ಕೂಗಿ ಕೆಳಗಿಳಿಸುವ ಪ್ರೇಕ್ಷಕರಿಗೆ ಹೆಸರಾದ ವೇದಿಕೆ ಅದು. ಮೊದಲ ಆಲ್ಬಮಿನ ಹಲವು ಹಾಡುಗಳನ್ನು ರಿಚ್‌ಮಂಡ್‌ನ ಮನೆಯ ಕೋಣೆಯಲ್ಲೇ ಕಟ್ಟಿದ. ‘ಬ್ರೌನ್ ಶುಗರ್’ ಬಂದಾಗ ಅವನಿಗೆ 21. ಹೆಚ್ಚಿನ ವಾದ್ಯಗಳನ್ನು ತಾನೇ ನುಡಿಸಿದ್ದ. ಹಿಪ್‌ಹಾಪ್‌ನ ಒರಟು ಡ್ರಮ್ಮು, ಎಪ್ಪತ್ತರ ದಶಕದ ಎಲೆಕ್ಟ್ರಿಕ್ ಪಿಯಾನೊ, ಅದರ ಮೇಲೆ ಚರ್ಚಿನ ಗುಂಪುಗಾಯನವನ್ನು ಒಬ್ಬನೇ ಹಾಡಿದಂಥ ಪದರ ಪದರದ ದನಿ: ಮೂರೂ ಒಟ್ಟಿಗೆ ಕೂತಿದ್ದವು. ಆಲ್ಬಮಿನ ಹೆಸರನ್ನೇ ಹೊತ್ತ ಹಾಡು ಮೇಲುನೋಟಕ್ಕೆ ಹುಡುಗಿಯೊಬ್ಬಳ ಮೇಲಿನ ಮೋಹದಂತೆ ಕೇಳಿಸುತ್ತದೆ. ಅದು ಗಾಂಜಾ ಕುರಿತದ್ದು ಎಂದು ಗೊತ್ತಾಗುವ ಹೊತ್ತಿಗೆ ಕೇಳುಗ ತಲೆದೂಗಿಯಾಗಿರುತ್ತದೆ. ಒಳ್ಳೆಯ ಗೀತರಚನೆಕಾರ್ತಿಯೂ ಗಾಯಕಿಯೂ ಆಗಿದ್ದ ಏಂಜಿ ಸ್ಟೋನ್ ಆ ದಿನಗಳ ಒಡನಾಡಿ, ಮುಂದೆ ಅವನ ಮಗನ ತಾಯಿ. 2025ರ ಮಾರ್ಚ್‌ನಲ್ಲಿ ಆಕೆ ರಸ್ತೆ ಅಪಘಾತದಲ್ಲಿ ತೀರಿಕೊಂಡಳು, ಅದೇ ವರ್ಷ ಅವನೂ ಹೋದ.

ಆಲ್ಬಮಿನ ಮಾರಾಟ ಹತ್ತು ಲಕ್ಷದ ಗಡಿ ದಾಟಿತು. ಅದರ ಬೆನ್ನಿಗೇ 1996ರಲ್ಲಿ ಮ್ಯಾಕ್ಸ್‌ವೆಲ್, 1997ರಲ್ಲಿ ಎರಿಕಾ ಬಾಡು, 1998ರಲ್ಲಿ ಲಾರಿನ್ ಹಿಲ್ ತಮ್ಮ ಆಲ್ಬಂಗಳೊಂದಿಗೆ ಬಂದರು. ಇವರನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ ಮಾರಲು ಒಂದು ಹೆಸರು ಬೇಕಿತ್ತು. ಡಿ’ಏಂಜೆಲೋ ಮತ್ತು ಬಾಡು ಇಬ್ಬರ ಬೆನ್ನಿಗೂ ನಿಂತಿದ್ದ ಸಂಗೀತ ಉದ್ಯಮಿ ಕೇಡಾರ್ ಮ್ಯಾಸೆನ್‌ಬರ್ಗ್ ‘ನಿಯೋ-ಸೋಲ್’, ಅಂದರೆ ಹೊಸ ಸೋಲ್ ಸಂಗೀತ, ಎಂಬ ಚೀಟಿ ಅಂಟಿಸಿದ. ಅಂಗಡಿಗೆ ಅನುಕೂಲವಾಯಿತು, ಕಲಾವಿದರಿಗೆ ಇರುಸುಮುರುಸಾಯಿತು. ತಾನು ನಿಯೋ-ಸೋಲ್ ಮಾಡುತ್ತೇನೆಂದು ಎಂದೂ ಹೇಳಿಕೊಂಡಿಲ್ಲ, ತಾನು ಮಾಡುವುದು ಕಪ್ಪು ಜನರ ಸಂಗೀತ ಎಂದು ಡಿ’ಏಂಜೆಲೋ 2014ರ ಸಂವಾದವೊಂದರಲ್ಲಿ ಸ್ಪಷ್ಟವಾಗಿ ಹೇಳಿದ.

ಎರಡನೆಯ ಆಲ್ಬಂ ಕಟ್ಟಲು ಅವನು ಹೋಗಿ ಕೂತದ್ದು ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೊದಲ್ಲಿ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ತನಗಾಗಿ ಕಟ್ಟಿಸಿಕೊಂಡ ಜಾಗ ಅದು. 1970ರ ಆಗಸ್ಟ್‌ನಲ್ಲಿ ಬಾಗಿಲು ತೆರೆಯಿತು, ಸೆಪ್ಟೆಂಬರ್‌ನಲ್ಲಿ ಅವನೇ ಇಲ್ಲವಾದ. ಆಮೇಲೆ ಸ್ಟೀವಿ ವಂಡರ್ ಇಲ್ಲಿ ದುಡಿದಿದ್ದ. ಡಿ’ಏಂಜೆಲೋ ಜೊತೆಗಿದ್ದವರು ಡ್ರಮ್ಮರ್ ಕ್ವೆಸ್ಟ್‌ಲವ್, ಕೀಬೋರ್ಡಿನ ಜೇಮ್ಸ್ ಪಾಯ್ಸರ್, ಡೆಟ್ರಾಯಿಟ್‌ನ ಹಿಪ್‌ಹಾಪ್ ನಿರ್ಮಾಪಕ ಜೇ ಡಿಲ್ಲಾ. ನಾಲ್ವರೂ ಪಾಶ್ಚಾತ್ಯ ಲೆಕ್ಕದ ಕುಂಭ (ಅಕ್ವೇರಿಯಸ್) ರಾಶಿಯವರಾದ್ದರಿಂದ ತಮ್ಮನ್ನು ‘ಸೋಲ್‌ಕ್ವೇರಿಯನ್ಸ್’ ಎಂದು ಕರೆದುಕೊಂಡರು. ವೇಲ್ಸ್‌ನಿಂದ ಬಂದ ಪಿನೊ ಪಲ್ಲಾಡಿನೊ ಬೇಸ್ ಗಿಟಾರ್ ಹಿಡಿದ, ರಾಯ್ ಹಾರ್‌ಗ್ರೋವ್ ತುತ್ತೂರಿಗಳನ್ನು ಒಂದರ ಮೇಲೊಂದು ಪೇರಿಸಿದ, ರಸೆಲ್ ಎಲೆವಾಡೊ ಎಲ್ಲವನ್ನೂ ಟೇಪಿಗೆ ಇಳಿಸಿದ. ರಾತ್ರಿಗಟ್ಟಲೆ ಪ್ರಿನ್ಸ್, ಜೇಮ್ಸ್ ಬ್ರೌನ್ ಮೊದಲಾದವರ ಹಳೆಯ ಕಾರ್ಯಕ್ರಮಗಳ ವಿಡಿಯೊ ನೋಡುವುದು, ಹಳೆಯ ಆಲ್ಬಂ ಒಂದನ್ನು ಎತ್ತಿಕೊಂಡು ನುಡಿಸುತ್ತಾ ಹೋಗುವುದು, ಆ ನುಡಿಸಾಣಿಕೆಯೊಳಗಿಂದ ತಮ್ಮದೊಂದು ಹೊಸ ಎಳೆ ಕಾಣಿಸಿದರೆ ಅದನ್ನು ಹಿಡಿಯುವುದು. ಹೀಗೆ ವರ್ಷಗಳು ಕಳೆದವು. ಅದೇ ಹೊತ್ತಿನಲ್ಲಿ ಅದೇ ಕಟ್ಟಡದಲ್ಲಿ ಎರಿಕಾ ಬಾಡು ಮತ್ತು ರ‍್ಯಾಪ್ ಗಾಯಕ ಕಾಮನ್ ಅವರ ಆಲ್ಬಂಗಳೂ ತಯಾರಾಗುತ್ತಿದ್ದವು. ಒಬ್ಬರಿಗಾಗಿ ಹುಟ್ಟಿದ ತುಣುಕು ಇನ್ನೊಬ್ಬರ ಪಾಲಾಗುವುದೂ ಇತ್ತು.

ಇಲ್ಲಿ ನಡೆದ ಮುಖ್ಯ ಸಂಗತಿ ಲಯದ್ದು. ಡ್ರಮ್ ಯಂತ್ರದಲ್ಲಿ ಬೆರಳಿನಿಂದ ಪೆಟ್ಟು ಕೊಟ್ಟರೆ ಹೆಚ್ಚುಕಡಿಮೆಯಾದದ್ದನ್ನೆಲ್ಲ ಯಂತ್ರವೇ ಸಾಲಿಗೆ ತಂದು ನಿಲ್ಲಿಸುತ್ತದೆ. ಜೇ ಡಿಲ್ಲಾ ಆ ಶಿಸ್ತನ್ನು ಬೇಕೆಂದೇ ಮುರಿದ. ಒಂದು ಪೆಟ್ಟು ಕೂದಲೆಳೆಯಷ್ಟು ಮುಂಚೆ, ಇನ್ನೊಂದು ಕೂದಲೆಳೆಯಷ್ಟು ತಡ. ಗಡಿಯಾರದಂತೆ ನುಡಿಸುವವನೆಂದು ಹೆಸರಾಗಿದ್ದ ಕ್ವೆಸ್ಟ್‌ಲವ್‌ಗೆ ಇದನ್ನು ಮೊದಲು ಕೇಳಿದಾಗ ಕುಡಿದವನು ನುಡಿಸಿದಂತೆ ಕೇಳಿಸಿತಂತೆ. ಡಿ’ಏಂಜೆಲೋ ಅದೇ ತೂರಾಟವನ್ನು ಜೀವಂತ ಡ್ರಮ್ಮಿನಲ್ಲಿ ತಾ ಎಂದು ಪಟ್ಟು ಹಿಡಿದ. ಕಲಿತದ್ದನ್ನು ಮರೆಯುವುದು ಕಲಿಯುವುದಕ್ಕಿಂತ ಕಷ್ಟ ಎಂಬುದು ಆ ವಾದಕನಿಗೆ ಅಲ್ಲಿ ಗೊತ್ತಾಯಿತು. ಡ್ರಮ್ಮು ತನ್ನ ಜಾಗದಲ್ಲಿದ್ದರೆ ಬೇಸ್ ಗಿಟಾರ್ ಅದರ ಹಿಂದೆ, ದನಿ ಅದಕ್ಕಿಂತಲೂ ಹಿಂದೆ. ಈಗಲೋ ಆಗಲೋ ಎಲ್ಲ ಕುಸಿದುಬಿಡುತ್ತದೆ ಅನಿಸುತ್ತದೆ, ಕುಸಿಯುವುದಿಲ್ಲ.

ಕರ್ನಾಟಕ ಸಂಗೀತ ಕೇಳುವವರಿಗೆ ಸಮದ ಮೇಲೆ ಎತ್ತದೆ ಅದಕ್ಕೆ ಮುಂಚೆಯೋ ನಂತರವೋ ಎತ್ತುವ ಅತೀತ, ಅನಾಗತ ಎಡುಪುಗಳು ಗೊತ್ತು. ಆದರೆ ಅಲ್ಲಿನ ಅಂತರಕ್ಕೆ ಲೆಕ್ಕವಿದೆ: ಅರ್ಧ ಅಕ್ಷರ, ಮುಕ್ಕಾಲು ಅಕ್ಷರ, ಬೆರಳೆಣಿಸಿ ತೋರಿಸಬಹುದು. ‘ವೂಡೂ’ವಿನ ಅಂತರ ಬೆರಳಿಗೆ ಸಿಗುವುದಿಲ್ಲ. ಅದನ್ನು ಎಲ್ಲ ವಾದಕರೂ ಒಟ್ಟಿಗೆ, ಒಂದೇ ಪ್ರಮಾಣದಲ್ಲಿ, ಏಳೆಂಟು ನಿಮಿಷ ಕಾಯ್ದುಕೊಳ್ಳಬೇಕು. ಸಡಿಲವಾಗಿ ಕೇಳಿಸುವ ಈ ಸಂಗೀತದ ಹಿಂದೆ ಇರುವುದು ಉಕ್ಕಿನಂಥ ಬಿಗಿ. ಅವನು ಆರಿಸಿಕೊಂಡ ತಡ ಎಂದರೆ ಇದು. ಇವತ್ತು ಜಾಝ್ ಪಿಯಾನೊ ವಾದಕ ರಾಬರ್ಟ್ ಗ್ಲಾಸ್ಪರ್‌ನಿಂದ ಹಿಡಿದು ಸಂಗೀತ ಶಾಲೆಯ ಡ್ರಮ್ ವಿದ್ಯಾರ್ಥಿಗಳವರೆಗೆ ಎಲ್ಲರೂ ಈ ನಡೆಯನ್ನು ಪಾಠವಾಗಿ ಕಲಿಯುತ್ತಾರೆ.

2000ದ ಜನವರಿಯಲ್ಲಿ ಬಂದ ‘ವೂಡೂ’ ಮೊದಲ ವಾರವೇ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಅದಕ್ಕೆ ಸಂಗೀತ ಎಷ್ಟು ಕಾರಣವೋ ಒಂದು ವಿಡಿಯೊ ಕೂಡ ಅಷ್ಟೇ ಕಾರಣ. ಗಾಯಕ, ನಿರ್ಮಾಪಕ ರಫಾಯೆಲ್ ಸಾದಿಕ್ ಜೊತೆ ಸೇರಿ, ಪ್ರಿನ್ಸ್‌ಗೆ ಗೌರವ ಸಲ್ಲಿಸುವಂತೆ ಕಟ್ಟಿದ ‘ಅನ್‌ಟೈಟಲ್ಡ್’ ಏಳು ನಿಮಿಷದ ಹಾಡು. ಪಿಸುದನಿಯಲ್ಲಿ ಶುರುವಾಗುತ್ತದೆ. ಒಂದೇ ಗಂಟಲು ಎರಡಾಗಿ, ನಾಲ್ಕಾಗಿ, ಒಂದಿಡೀ ಗುಂಪಾಗಿ ಹೆಚ್ಚುತ್ತಾ ಹೋಗುತ್ತದೆ. ಗತಿ ಒಂದಿಷ್ಟೂ ಏರುವುದಿಲ್ಲ, ಒತ್ತಡ ಮಾತ್ರ ಏರುತ್ತದೆ. ಕೊನೆಗೆ ಚರ್ಚಿನ ಕೂಗಿನ ಎತ್ತರ ಮುಟ್ಟಿದ ಹೊತ್ತಿಗೆ, ಸಾಲು ಪೂರ್ತಿಯಾಗುವ ಮೊದಲೇ ಹಾಡು ತಟಕ್ಕನೆ ನಿಂತುಬಿಡುತ್ತದೆ. ವಿಡಿಯೊದಲ್ಲಿ ಕಂಡದ್ದು ಬೇರೆ: ಕಪ್ಪು ಹಿನ್ನೆಲೆ, ಸೊಂಟದವರೆಗೆ ಬರಿಮೈ ಗಾಯಕ, ಅವನ ಮೈಮೇಲೆ ಹರಿದಾಡುವ ಕ್ಯಾಮೆರಾ. ಜನ ಅದನ್ನು ಕಾಮದ ಚಿತ್ರವೆಂದೇ ನೋಡಿದರು. ಚಿತ್ರೀಕರಿಸುವಾಗ ತಾನು ಅವನಿಗೆ ನೆನಪಿಸಿಕೊಳ್ಳಲು ಹೇಳಿದ್ದು ಅಜ್ಜಿಯ ಅಡುಗೆಯನ್ನು ಎಂದು ನಿರ್ದೇಶಕ ಪಾಲ್ ಹಂಟರ್ ಮುಂದೊಮ್ಮೆ ವಿವರಿಸಿದ.

ಆ ವರ್ಷದ ಪ್ರವಾಸದಲ್ಲಿ ಇದರ ಬೆಲೆ ತೆರಬೇಕಾಯಿತು. ವೇದಿಕೆಯ ಮೇಲೆ ದೇಶದ ಅತ್ಯುತ್ತಮ ವಾದಕರ ತಂಡ, ಕೆಳಗೆ ಅಂಗಿ ಬಿಚ್ಚು ಎಂದು ಕೂಗುವ ಗುಂಪು. ವರ್ಷಗಟ್ಟಲೆ ಕೂತು ಕೂದಲೆಳೆಯಷ್ಟು ಅಂತರವನ್ನು ಹದಗೊಳಿಸಿದವನಿಗೆ ಯಾರಿಗೂ ಅದು ಬೇಕಿಲ್ಲ ಎಂದು ಕಂಡರೆ ಹೇಗಾಗಬೇಡ? ಮೈಕಟ್ಟು ವಿಡಿಯೊದಲ್ಲಿದ್ದಂತೆ ಕಾಣುತ್ತಿಲ್ಲ ಎಂಬ ಕೊರಗಿನಿಂದ ಅವನು ವೇದಿಕೆಗೆ ಬರಲು ತಡಮಾಡಿದ ರಾತ್ರಿಗಳನ್ನು ಕ್ವೆಸ್ಟ್‌ಲವ್ ಹೇಳಿಕೊಂಡಿದ್ದಾನೆ. ಎರಡನೆಯ ಬಗೆಯ ತಡ ಶುರುವಾದದ್ದು ಇಲ್ಲಿಂದ. ಹೆಣ್ಣನ್ನು ಮೈಗೆ ಇಳಿಸುವ ಮಾರುಕಟ್ಟೆಯ ಚಾಳಿಯನ್ನು ನಾವು ಬಲ್ಲೆವು. ಕಪ್ಪು ಗಂಡಸಿನ ಮೈಯನ್ನು ಹರಾಜುಕಟ್ಟೆಯ ಮೇಲೆ ನಿಲ್ಲಿಸಿ ಬೆಲೆ ಕಟ್ಟಿದ ದೇಶದಲ್ಲಿ ಈ ಕೂಗಿಗೆ ಇನ್ನೊಂದು ನೆನಪೂ ಅಂಟಿಕೊಂಡಿತ್ತು.

2001ರಲ್ಲಿ ಎರಡು ಗ್ರಾಮಿ ಪ್ರಶಸ್ತಿ ಬಂದವು. ಆಮೇಲೆ ಕತ್ತಲು. ಕುಡಿತ, ಮಾದಕವಸ್ತು, 2005ರ ಜನವರಿಯಲ್ಲಿ ಬಂಧನ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಾರು ಅಪಘಾತ, ಚಿಕಿತ್ಸಾ ಕೇಂದ್ರ. 2006ರ ಫೆಬ್ರವರಿಯಲ್ಲಿ ಜೇ ಡಿಲ್ಲಾ 32ನೆಯ ವಯಸ್ಸಿಗೇ ರಕ್ತದ ಕಾಯಿಲೆಯಿಂದ ತೀರಿಕೊಂಡ. ಈ ವರ್ಷಗಳನ್ನು ಕೆಲವರು ತಪಸ್ಸು ಎಂದು ಬಣ್ಣಿಸುತ್ತಾರೆ. ತಪಸ್ಸೂ ಅಲ್ಲ, ಮೌನವ್ರತವೂ ಅಲ್ಲ, ಕಾಯಿಲೆ ಅದು. ಕಲಾವಿದ ನರಳಿದರೆ ಕಲೆ ಮಾಗುತ್ತದೆ ಎಂಬ ನಂಬಿಕೆ ಕೇಳುಗರಿಗೆ ಹಿತ, ಏಕೆಂದರೆ ಅದು ಕೂಗಿದವರ ಪಾಲಿನ ಹೊಣೆಯನ್ನು ಇಳಿಸಿಬಿಡುತ್ತದೆ. ಆ ಅವಧಿಯಲ್ಲಿ ಅವನು ಮಾಡಿದ ಒಂದು ಒಳ್ಳೆಯ ಕೆಲಸ ಗಿಟಾರ್ ಅಭ್ಯಾಸ. 2012ರ ಜನವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮತ್ತೆ ವೇದಿಕೆ ಹತ್ತಿದಾಗ ಕೈಯಲ್ಲಿ ಗಿಟಾರ್ ಇತ್ತು.

ಯಾವಾಗಲೂ ತಡವಾಗಿ ಬರುತ್ತಿದ್ದವನು ಬದುಕಿನಲ್ಲಿ ಒಮ್ಮೆ ಅವಸರ ಮಾಡಿದ. 2014ರ ಆಗಸ್ಟ್‌ನಲ್ಲಿ ಮಿಸ್ಸೌರಿಯ ಫರ್ಗ್ಯುಸನ್‌ನಲ್ಲಿ ಪೊಲೀಸನೊಬ್ಬ 18 ವರ್ಷದ ಮೈಕೆಲ್ ಬ್ರೌನ್‌ನನ್ನು ಗುಂಡಿಟ್ಟು ಕೊಂದ. ಆ ಪೊಲೀಸನ ಮೇಲೆ ಮೊಕದ್ದಮೆ ಹೂಡುವುದಿಲ್ಲ ಎಂದು ನವೆಂಬರ್‌ನಲ್ಲಿ ತೀರ್ಮಾನವಾಯಿತು. ನ್ಯೂಯಾರ್ಕಿನಲ್ಲಿ ಎರಿಕ್ ಗಾರ್ನರ್‌ನ ಕೊರಳು ಅಮುಕಿದ ಪೊಲೀಸನ ವಿಷಯದಲ್ಲೂ ಡಿಸೆಂಬರ್ ಮೊದಲ ವಾರ ಅದೇ ಆಯಿತು. ಬೀದಿಗಳು ತುಂಬಿದವು. ಮರುವರ್ಷಕ್ಕೆಂದು ಇಟ್ಟಿದ್ದ ‘ಬ್ಲ್ಯಾಕ್ ಮೆಸಾಯ’ವನ್ನು ಡಿ’ಏಂಜೆಲೋ ಡಿಸೆಂಬರ್ 15ರಂದೇ, ಹೆಚ್ಚು ಸದ್ದುಗದ್ದಲವಿಲ್ಲದೆ ಬಿಡುಗಡೆ ಮಾಡಿಸಿದ. ‘ಮೆಸಾಯ’, ಅಂದರೆ ಉದ್ಧಾರಕ, ತಾನಲ್ಲ, ಫರ್ಗ್ಯುಸನ್‌ನಲ್ಲಿ, ಈಜಿಪ್ಟಿನಲ್ಲಿ, ವಾಲ್‌ಸ್ಟ್ರೀಟಿನಲ್ಲಿ ಎದ್ದು ನಿಂತ ಜನ ಎಂದು ಒಳಪುಟದ ಟಿಪ್ಪಣಿಯಲ್ಲಿ ವಿವರಿಸಿದ್ದ. ಡಿಜಿಟಲ್ ಸವಲತ್ತು ಬಳಸದೆ ಟೇಪಿನ ಮೇಲೆ, ಹೆಚ್ಚಾಗಿ ಹಳೆಯ ಸಲಕರಣೆಗಳಿಂದ ಮಾಡಿದ್ದೆಂದೂ ಅಲ್ಲಿ ನಮೂದಾಗಿದೆ. ಮಾತುಗಳು ಗಿಟಾರಿನ ದಟ್ಟಣೆಯಲ್ಲಿ ಅರೆಬರೆ ಹೂತಿವೆ, ಕಿವಿಗೊಟ್ಟು ಹೆಕ್ಕಬೇಕು. 2015ರ ಜನವರಿಯಲ್ಲಿ ‘ಸ್ಯಾಟರ್ಡೇ ನೈಟ್ ಲೈವ್’ ಟಿವಿ ಕಾರ್ಯಕ್ರಮದಲ್ಲಿ ‘ದ ಶರೇಡ್’ ಹಾಡಿದಾಗ ವೇದಿಕೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಿದ್ದ ಮನುಷ್ಯನ ರೂಪರೇಖೆ ಬರೆದಿತ್ತು. ಹದಿನೈದು ವರ್ಷದ ಹಿಂದೆ ಅವನ ಮೈಯನ್ನೇ ನೋಡಲು ಬಂದವರ ಮುಂದೆ ಅವನು ಬೇರೊಂದು ಮೈಯನ್ನು ಇಟ್ಟಿದ್ದ. ಈ ಆಲ್ಬಮಿಗೆ 2016ರಲ್ಲಿ ಗ್ರಾಮಿ ಬಂತು.

ಮೂರು ಆಲ್ಬಂ ಕಡಿಮೆಯಾಯಿತೇ? ಹೌದು, ಕಡಿಮೆಯಾಯಿತು. ಅವನು ಗಟ್ಟಿಯಾಗಿದ್ದಿದ್ದರೆ, ಅವನನ್ನು ಮೈಯಾಗಿ ಮಾರದೆ ಸಂಗೀತಗಾರನಾಗಿ ಬಾಳಲು ಬಿಟ್ಟಿದ್ದರೆ, ಆರಾದರೂ ನಮ್ಮ ಕೈಸೇರುತ್ತಿದ್ದವು. ಆ ನಷ್ಟವನ್ನು ನಷ್ಟವೆಂದೇ ಬರೆದಿಡೋಣ. ಲಾಭದ ಕಡೆ ಬರೆಯಬೇಕಾದದ್ದು ಅವನು ತಾಳದೊಳಗೆ ಕಂಡುಕೊಂಡ ಜಾಗ. ಅದು ಇನ್ನು ಯಾರ ಸ್ವತ್ತೂ ಅಲ್ಲ, ನುಡಿಸಬಲ್ಲ ಎಲ್ಲರದು.

ಅವನನ್ನು ಕೇಳಿರದವರಿಗೆ ಒಂದು ಮಾತು. ‘ವೂಡೂ’ ಸುಮಾರು 79 ನಿಮಿಷದ್ದು. ಮೊಬೈಲಿನ ಸ್ಪೀಕರಿನಲ್ಲಿ ಬೇಡ, ಅದರಲ್ಲಿ ಬೇಸ್ ಗಿಟಾರ್ ಸತ್ತೇ ಹೋಗುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಹಾಡು ಹಾರಿಸದೆ ಪೂರ್ತಿ ಕೇಳಿ. ವಿಡಿಯೊ ಆಮೇಲೆ ನೋಡಿದರಾಯಿತು. ಮೊದಲ ಸಲ ಎಲ್ಲ ತೂಕಡಿಸುತ್ತಿರುವಂತೆ ಕೇಳಿಸಬಹುದು. ಎರಡನೆಯ ಸಲ ಡ್ರಮ್ಮಿಗೂ ದನಿಗೂ ನಡುವಿನ ಅಂತರವನ್ನಷ್ಟೇ ಹಿಂಬಾಲಿಸಿ, ಆಮೇಲೆ ತೀರ್ಪು ಕೊಡಿ.