ಮಳೆ ನಕ್ಷೆಯ ಮೇಲಿನ ದೂರುಗಳಿಗೆ ಉತ್ತರ

ಪಶ್ಚಿಮ ಘಟ್ಟದ ಮರ, ಕಪ್ಪೆ, ಹಕ್ಕಿಗಳ ನೆಲೆ ಗುರುತಿಸುವ ಅಧ್ಯಯನದಲ್ಲಿ ‘ವರ್ಲ್ಡ್‌ಕ್ಲಿಮ್’ನಂಥ ಜಾಗತಿಕ ಉಷ್ಣತೆ-ಮಳೆ ದತ್ತಾಂಶದ ಹೆಸರು ಕಂಡರೆ ಸಾಕು, ಕೆಲವರು ಇಡೀ ಅಧ್ಯಯನವನ್ನೇ ತಳ್ಳಿಹಾಕುತ್ತಾರೆ. ಅವರ ದೂರುಗಳಲ್ಲಿ ಹುರುಳಿಲ್ಲದವೂ ಇವೆ, ತೂಕವುಳ್ಳವೂ ಇವೆ. ತೂಕವುಳ್ಳ ದೂರು ಕೂಡ ಎಚ್ಚರದಿಂದ ಬಳಸಿ ಎನ್ನುತ್ತದೆಯೇ ಹೊರತು ಬಿಸಾಡಿ ಎನ್ನುವುದಿಲ್ಲ.

ಅದು ಅಳತೆಯೇ ಅಲ್ಲ, ಕಂಪ್ಯೂಟರ್ ಹೆಣೆದ ಊಹೆ ಎಂಬುದು ಮೊದಲ ದೂರು. ರಾಬರ್ಟ್ ಹೈಮನ್ಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಆವೃತ್ತಿಯ ಹಿಂದೆ 47,554 ಸ್ಥಳಗಳ ಮಳೆ ಲೆಕ್ಕವಿದೆ, 24,542 ಸ್ಥಳಗಳ ಸರಾಸರಿ ಉಷ್ಣತೆಯಿದೆ. ಮಾಪಕವಿಲ್ಲದ ಜಾಗಕ್ಕೆ ಅಕ್ಷಾಂಶ, ರೇಖಾಂಶ, ಎತ್ತರ ನೋಡಿ ಬೆಲೆ ಕಟ್ಟುತ್ತಾರೆ. ಉಷ್ಣತೆಯ ಮಟ್ಟಿಗೆ ಇದು ಗಟ್ಟಿ ಲೆಕ್ಕ: ಸಾವಿರ ಮೀಟರ್ ಮೇಲೇರಿದರೆ ಸುಮಾರು ಆರು ಡಿಗ್ರಿ ತಂಪು ಎಂಬುದು ಯಾರೋ ಹೆಣೆದ ಕತೆಯಲ್ಲ.

ಮಳೆಯ ವಿಷಯ ಬೇರೆ, ಇಲ್ಲಿ ಆಕ್ಷೇಪಕರ ಮಾತಿಗೆ ಬೆಲೆ ಕೊಡಲೇಬೇಕು. ಆಗುಂಬೆಯೂ ಚಿತ್ರದುರ್ಗವೂ ಸಮುದ್ರಮಟ್ಟದಿಂದ ಹೆಚ್ಚೂಕಮ್ಮಿ ಒಂದೇ ಎತ್ತರದಲ್ಲಿವೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಮಳೆ, ಚಿತ್ರದುರ್ಗದಲ್ಲಿ ಅದರ ಹತ್ತನೇ ಒಂದು ಪಾಲು. ಗಾಳಿಗೆ ಎದೆಯೊಡ್ಡಿದ ಬೆಟ್ಟ ಯಾವುದು, ಬೆನ್ನು ತಿರುಗಿಸಿದ್ದು ಯಾವುದು ಎಂಬುದು ಎತ್ತರದ ಅಂಕಿಗೆ ತಿಳಿಯದು. ಮಳೆಮಾಪಕ ದಟ್ಟವಾಗಿರುವ ಕಡೆ ಅವೇ ಲೆಕ್ಕವನ್ನು ದಾರಿಗೆ ತರುತ್ತವೆ, ವಿರಳವಾದ ಕಡೆ ನಕ್ಷೆ ಎಡವುತ್ತದೆ. ಈ ಕೊರತೆ ನೀಗಲೆಂದೇ ಸ್ವಿಟ್ಜರ್ಲೆಂಡಿನ ಸಂಶೋಧಕರು ಗಾಳಿಯ ದಿಕ್ಕನ್ನೂ ಲೆಕ್ಕಕ್ಕೆ ಸೇರಿಸಿ 2017ರಲ್ಲಿ ‘ಚೆಲ್ಸಾ’ ದತ್ತಾಂಶ ಪ್ರಕಟಿಸಿದರು. ಅದೇ ವರ್ಷ ಬಂದ ವರ್ಲ್ಡ್‌ಕ್ಲಿಮ್‌ನ ಎರಡನೇ ಆವೃತ್ತಿ ಉಪಗ್ರಹದ ಮಾಹಿತಿಯನ್ನೂ ಬಳಸಿತು. ಎರಡನ್ನೂ ಹಚ್ಚಿ ನೋಡಿ, ಫಲಿತಾಂಶ ಎಲ್ಲಿ ಬೇರೆಯಾಗುತ್ತದೆಂದು ಬರೆಯುವುದು ಸಂಶೋಧಕರ ಹೊಣೆ. ಹಾಗೆ ಬರೆಯದವರನ್ನು ಟೀಕಿಸಿ, ನಾನೂ ದನಿಗೂಡಿಸುತ್ತೇನೆ.

ಈ ನಕ್ಷೆಯ ಒಂದು ಚದರ ಕಿಲೋಮೀಟರಿನ ಸರಾಸರಿಗೂ ತರಗೆಲೆಯಡಿ ಕೂತ ಕಪ್ಪೆಗೂ ಏನು ಸಂಬಂಧ ಎಂದು ಕೇಳುತ್ತಾರೆ. ದೂರುಗಳಲ್ಲೆಲ್ಲ ಇದೇ ಬಲವಾದದ್ದು. ಹವಾಮಾನ ಕೇಂದ್ರದ ಉಷ್ಣತಾಮಾಪಕ ಇರುವುದು ಬಯಲಿನ ಪೆಟ್ಟಿಗೆಯಲ್ಲಿ. ಕಾಡಿನ ನೆರಳಲ್ಲಿ ದಿನದ ಗರಿಷ್ಠ ಉಷ್ಣತೆ ಸರಾಸರಿ ನಾಲ್ಕು ಡಿಗ್ರಿಯಷ್ಟು ಕಡಿಮೆ ಎಂದು 2019ರ ಜಾಗತಿಕ ವಿಶ್ಲೇಷಣೆಯೊಂದು ತೋರಿಸಿತು. ಕಪ್ಪೆಯ ಮೈಬಿಸಿ ತಿಳಿಯಬೇಕಿದ್ದರೆ ತರಗೆಲೆಯಡಿ ಸೆನ್ಸರ್ ಇಡಲೇಬೇಕು. ಆದರೆ ಪರಿಸರ ವಿಜ್ಞಾನದ ಪ್ರಶ್ನೆಗಳೆಲ್ಲ ತರಗೆಲೆಯಡಿ ಇಲ್ಲ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಜೆ.ಪಿ. ಪಾಸ್ಕಲ್ 1980ರ ದಶಕದಲ್ಲಿ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳನ್ನು ಮಳೆಯ ಲೆಕ್ಕದೊಂದಿಗೆ ಇಟ್ಟು ನೋಡಿದರು. ಉತ್ತರಕ್ಕೆ ಹೋದರೂ ಒಟ್ಟು ಮಳೆಗೆ ಕೊರತೆಯಿಲ್ಲ. ಬದಲಾಗುವುದು ಒಣ ತಿಂಗಳುಗಳು: ಕೇರಳದ ತುದಿಯಲ್ಲಿ ಎರಡು-ಮೂರು, ಮಹಾರಾಷ್ಟ್ರದತ್ತ ಏಳು-ಎಂಟು. ಅದಕ್ಕೆ ತಕ್ಕಂತೆ ಮರದ ಜಾತಿಗಳು ದಾರಿಯಲ್ಲೇ ಒಂದೊಂದಾಗಿ ಉಳಿದುಬಿಡುತ್ತವೆ. ಮರಕ್ಕೆ ಕಟ್ಟಿದ ಯಾವ ಸೆನ್ಸರೂ ಇದನ್ನು ತೋರಿಸಲಾರದು, ಉದ್ದಕ್ಕೂ ಹರಡಿದ ಮಾಪಕಗಳ ತಿಂಗಳು ತಿಂಗಳ ಲೆಕ್ಕ ಬೇಕು. ವಾರ್ಷಿಕ ಸರಾಸರಿ ಎಲ್ಲವನ್ನೂ ಮುಚ್ಚಿಹಾಕುತ್ತದೆ ಎನ್ನುವವರಿಗೂ ಇದೇ ಉತ್ತರ. ವರ್ಲ್ಡ್‌ಕ್ಲಿಮ್‌ನ 19 ಜೈವಿಕ-ವಾಯುಗುಣ ಸೂಚಕಗಳಲ್ಲಿ ಅತಿ ಒಣ ತ್ರೈಮಾಸಿಕದ ಮಳೆಯೂ ಒಂದು.

ಹವಾಮಾನ ಕೇಂದ್ರಗಳ ಉಷ್ಣತೆಯ ಅಂಕಿಗಳನ್ನು ತಿದ್ದಿದ್ದಾರೆ, ಆದ್ದರಿಂದ ಎಲ್ಲ ಸುಳ್ಳು ಎಂಬ ಮಾತಿಗೆ ಹೆಚ್ಚು ಸಮಯ ಬೇಡ. ಕೇಂದ್ರ ಸ್ಥಳಾಂತರವಾದಾಗ, ಉಪಕರಣ ಬದಲಾದಾಗ ಹಳೆಯ ಅಂಕಿಯನ್ನು ಸರಿಹೊಂದಿಸದಿದ್ದರೇ ತಪ್ಪು. ಸಾಗರದ ಹಳೆಯ ಅಳತೆಗಳನ್ನೂ ಸರಿಪಡಿಸಿದ ಮೇಲೆ ಭೂಮಿಯ ಒಟ್ಟು ತಾಪದ ಏರಿಕೆ ಮೊದಲಿಗಿಂತ ಕಡಿಮೆಯೇ ಕಾಣುತ್ತದೆ. ಈ ದಾಖಲೆಗಳನ್ನು ಸಂಶಯಿಸಿ ಹೊಸದಾಗಿ ಲೆಕ್ಕ ಹಾಕಿದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್, ಏರಿಕೆ ನಿಜವೆಂದು ತಾವೇ ಸಾರಿದರು.

ನಮ್ಮದೇ ಹವಾಮಾನ ಇಲಾಖೆಯ ದತ್ತಾಂಶವಿರುವಾಗ ಹೊರಗಿನದೇಕೆ? ದಿನದಿನದ ಮಳೆಗೆ ಇಲಾಖೆಯದನ್ನೇ ಬಳಸಬೇಕು. 6,955 ಕೇಂದ್ರಗಳಿಂದ ಕಟ್ಟಿದ, 1901ರಿಂದ ಸಿಗುವ ಅಂಥ ನಿಧಿ ಬೇರೆ ದೇಶಗಳಲ್ಲಿ ಅಪರೂಪ. ಆದರೆ ಅದರ ಒಂದೊಂದು ಚೌಕ ಕಾಲು ಡಿಗ್ರಿ ಅಗಲ. ಘಟ್ಟದ ಮೇಲಿನ ಆಗುಂಬೆಯೂ ಕೆಳಗಿನ ಸೋಮೇಶ್ವರವೂ ಒಟ್ಟಿಗೆ ಹಿಡಿಸುವಷ್ಟು ದೊಡ್ಡದು. ಮೇಲಾಗಿ ಬಂಡೀಪುರವನ್ನು ಆವರಿಸಿದ ಲಂಟಾನ ಬಂದದ್ದು ಅಮೆರಿಕ ಖಂಡದಿಂದ. ಮುಂದೆ ಅದು ಎಲ್ಲಿಗೆ ಹಬ್ಬಬಲ್ಲದು ಎಂದು ತಿಳಿಯಲು ತವರಿನ ಉಷ್ಣತೆ-ಮಳೆಯೂ ಬೇಕು, ಅದು ನಮ್ಮ ಇಲಾಖೆಯ ಕಡತದಲ್ಲಿ ಸಿಗುವುದಿಲ್ಲ.

ಆಕ್ಷೇಪಕರು ಅಷ್ಟಾಗಿ ಎತ್ತದ ಒಂದು ದೋಷವನ್ನು ನಾನೇ ಹೇಳುತ್ತೇನೆ. ವರ್ಲ್ಡ್‌ಕ್ಲಿಮ್ 2ರ ಸರಾಸರಿ 1970ರಿಂದ 2000ದವರೆಗಿನದು. ಮೊನ್ನೆ ಮೊನ್ನೆ ಎಣಿಸಿದ ಹಕ್ಕಿಗೆ ಆ ಕಾಲದ ಬಿಸಿಲನ್ನು ಜೋಡಿಸುವುದು ಸರಿಯಲ್ಲ. 1958ರಿಂದ ತಿಂಗಳುವಾರು ಸಿಗುವ ‘ಟೆರ್ರಾಕ್ಲೈಮೇಟ್’, 1940ರಿಂದ ಗಂಟೆಗಂಟೆಗೂ ಸಿಗುವ ‘ಇಆರ್‌ಎ-5’ ಇರುವಾಗ ಆ ಸೋಮಾರಿತನಕ್ಕೆ ಕ್ಷಮೆಯಿಲ್ಲ.

ನಕ್ಷೆ ಎಡವುವುದು ಮಾಪಕವಿಲ್ಲದ ಕಡೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಹೂಮಳೆಯಿಂದ ಹಿಡಿದು ಕೊನೆಯ ಮಳೆಯವರೆಗೆ ಇಂಚು-ಸೆಂಟಿನಲ್ಲಿ ಬರೆದಿಟ್ಟ ಹಳೆಯ ಪುಸ್ತಕಗಳಿವೆ. ಅಂಥದ್ದು ನಿಮ್ಮ ಮನೆಯಲ್ಲಿದ್ದರೆ ರದ್ದಿಗೆ ಹಾಕಬೇಡಿ. ಮಾಪಕವಿದ್ದ ಜಾಗವನ್ನೂ ವರ್ಷಗಳನ್ನೂ ನಮೂದಿಸಿ, ಪುಟಗಳ ಫೋಟೊ ತೆಗೆದು ಹತ್ತಿರದ ವಿಶ್ವವಿದ್ಯಾಲಯಕ್ಕೆ ಕೊಡಿ.