ನಿವೃತ್ತಿಯ ಬಳಿಕವೂ ಗಲ್ಫೇ?



ನಮ್ಮ ಕರಾವಳಿಯ ಮನೆಗಳಲ್ಲಿ ಹಿಂದೆ ಒಂದೇ ಪ್ರಶ್ನೆ ಕೇಳಿ ಬರುತ್ತಿತ್ತು: "ಅವರು ಊರಿಗೆ ಯಾವಾಗ ಬರುತ್ತಾರೆ?" ಎಪ್ಪತ್ತರ ದಶಕದಿಂದೀಚೆಗೆ ಭಟ್ಕಳ, ಉಡುಪಿ, ಮಂಗಳೂರು ಕಡೆಯ ಗಂಡಸರು ದೊಡ್ಡ ಸಂಖ್ಯೆಯಲ್ಲಿ ಗಲ್ಫ್‌ಗೆ ಹೋದರು. ಹೆಂಡತಿ ಮಕ್ಕಳು ಊರಲ್ಲಿ ರಜೆಯ ದಿನ ಎಣಿಸುತ್ತಾ ಕುಳಿತರು. ಈಗ ಪ್ರಶ್ನೆ ಬದಲಾಗಿದೆ. ಮಗನಿಗೆ ದುಬೈಯಲ್ಲಿ ಒಳ್ಳೆಯ ಕೆಲಸ, ಸೊಸೆಗೂ ಅಲ್ಲೇ ಕೆಲಸ, ಮೊಮ್ಮಕ್ಕಳು ಅಲ್ಲಿನ ಶಾಲೆಯಲ್ಲಿ. ಗಂಡನಿಗೆ ಅರವತ್ತು ಹತ್ತಿರವಾಗಿದೆ. "ಇನ್ನು ಊರಿಗೆ ಹೋಗಿ ಮಾಡುವುದೇನು? ಇರುವ ಮನೆಯನ್ನು ಮಾರಿ ಇಲ್ಲೇ ನೆಲೆಸೋಣ" ಎಂಬ ಮಾತು ಅನೇಕ ಕುಟುಂಬಗಳಲ್ಲಿ ನಡೆಯುತ್ತಿದೆ.

ಈ ಆಸೆಯಲ್ಲಿ ತಪ್ಪೇನಿಲ್ಲ. ಮಕ್ಕಳ ಜೊತೆಗಿರಬೇಕೆಂದು ಯಾವ ತಾಯಿ ಬಯಸುವುದಿಲ್ಲ? ಅಲ್ಲಿ ರಸ್ತೆ ಚೆನ್ನಾಗಿದೆ, ರಾತ್ರಿ ಹೆಣ್ಣು ಮಕ್ಕಳು ನಿರ್ಭಯವಾಗಿ ನಡೆಯಬಹುದು, ಮಸೀದಿ ಹತ್ತಿರವಿದೆ. ಇದೆಲ್ಲ ನಿಜ. ಆದರೆ ದುಡಿಯುವ ವಯಸ್ಸಿನಲ್ಲಿ ಒಂದು ದೇಶದಲ್ಲಿರುವುದು ಬೇರೆ, ಮುಪ್ಪಿನಲ್ಲಿ ಅದೇ ದೇಶದಲ್ಲಿ ವಿದೇಶೀಯರಾಗಿ ಇರುವುದು ಬೇರೆ. ಈ ವ್ಯತ್ಯಾಸವನ್ನು ಮನೆಯ ಹೆಂಗಸರು ಮೊದಲೇ ತಿಳಿದುಕೊಳ್ಳಬೇಕು. ಏಕೆಂದರೆ ಅದರ ಭಾರ ಕೊನೆಗೆ ಹೆಚ್ಚಾಗಿ ಬೀಳುವುದು ಅವರ ಮೇಲೆಯೇ.

ನಿವಾಸಿ, ಆದರೆ ಪೌರನಲ್ಲ

ಗಲ್ಫ್ ದೇಶಗಳಲ್ಲಿ ಮೂವತ್ತು ವರ್ಷ ದುಡಿದರೂ ಅದರಿಂದ ಪೌರತ್ವ ಸಿಗುವುದಿಲ್ಲ. ಯುಎಇ 2021ರಲ್ಲಿ ಕಾನೂನನ್ನು ಸಡಿಲಿಸಿತಾದರೂ ಅದು ಆಯ್ದ ಹೂಡಿಕೆದಾರರು, ವೈದ್ಯರು, ವಿಜ್ಞಾನಿಗಳಂಥವರಿಗೆ ಮಾತ್ರ. ಉಳಿದವರು ವೀಸಾದ ಮೇಲೆ ಇರುವವರು. ಕೆಲಸ ಇರುವವರೆಗೆ ಕಂಪೆನಿಯ ವೀಸಾ. ಕೆಲಸ ಮುಗಿದ ಮೇಲೆ?

ಅದಕ್ಕಾಗಿ ಯುಎಇ ಸರಕಾರ 2018ರಲ್ಲಿ ನಿವೃತ್ತಿ ವೀಸಾಕ್ಕೆ ಒಪ್ಪಿಗೆ ನೀಡಿತು. ದುಬೈ 2020ರಲ್ಲಿ ತನ್ನದೇ ಯೋಜನೆಯನ್ನು ಆರಂಭಿಸಿತು. ವಯಸ್ಸು 55 ದಾಟಿದವರಿಗೆ ಐದು ವರ್ಷದ ವೀಸಾ. ಆದರೆ ಅಲ್ಲಿ ಬೆಲೆಬಾಳುವ ಮನೆ ಇರಬೇಕು, ಇಲ್ಲವೇ ಹತ್ತು ಲಕ್ಷ ದಿರ್ಹಂ ಉಳಿತಾಯ ಇರಬೇಕು, ಇಲ್ಲವೇ ನಿಗದಿತ ಮಾಸಿಕ ಆದಾಯ ಇರಬೇಕು. ಹತ್ತು ಲಕ್ಷ ದಿರ್ಹಂ ಎಂದರೆ 2024ರ ದರದಲ್ಲೇ ಎರಡೂ ಕಾಲು ಕೋಟಿ ರೂಪಾಯಿಯ ಹತ್ತಿರ. ಐದು ವರ್ಷ ಕಳೆದ ಮೇಲೆ ನವೀಕರಿಸಬಹುದು, ಆದರೆ ಆಗಲೂ ಷರತ್ತುಗಳನ್ನು ಪೂರೈಸಬೇಕು. ಅರವತ್ತರಲ್ಲಿ ಪೂರೈಸಿದ ಷರತ್ತನ್ನು ಎಪ್ಪತ್ತೈದರಲ್ಲೂ ಪೂರೈಸಲು ಸಾಧ್ಯವೇ ಎಂದು ಯೋಚಿಸಿರಿ.

ಇಷ್ಟು ಹಣವಿಲ್ಲದವರು ಮಗನ ವೀಸಾದಲ್ಲಿ ಉಳಿಯುತ್ತಾರೆ. ಹೆತ್ತವರು ತನ್ನನ್ನೇ ಅವಲಂಬಿಸಿದ್ದಾರೆಂದು ಮಗ ತೋರಿಸಬೇಕು, ಅವನಿಗೆ ನಿಗದಿತ ಸಂಬಳವಿರಬೇಕು, ಹೆತ್ತವರಿಗೆ ವಿಮೆ ಮಾಡಿಸಬೇಕು. ಹೆತ್ತವರ ವೀಸಾ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ನವೀಕರಣಗೊಳ್ಳಬೇಕು. ಮಗನ ಕೆಲಸ ಹೋಯಿತೆಂದರೆ ತಂದೆ ತಾಯಿಯ ವಾಸವೂ ಅಲ್ಲಾಡುತ್ತದೆ. ಇನ್ನು ಆರು ತಿಂಗಳಿಗಿಂತ ಹೆಚ್ಚು ಕಾಲ ದೇಶದ ಹೊರಗಿದ್ದರೆ ಸಾಮಾನ್ಯ ನಿವಾಸ ವೀಸಾ ರದ್ದಾಗುತ್ತದೆ. ಊರಲ್ಲಿ ಮಗಳ ಬಾಣಂತನ, ತಮ್ಮನ ಕಾಯಿಲೆ ಎಂದು ಬಂದ ತಾಯಿ ಕ್ಯಾಲೆಂಡರ್ ನೋಡುತ್ತಲೇ ಇರಬೇಕಾಗುತ್ತದೆ.

ಬೇರೆ ದೇಶಗಳ ಕಥೆಯೂ ಸುಲಭದ್ದಲ್ಲ. ಸೌದಿ ಅರೇಬಿಯಾ 2017ರ ಜುಲೈಯಲ್ಲಿ ವಿದೇಶೀಯರ ಅವಲಂಬಿತರ ಮೇಲೆ ತಲಾ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ವರ್ಷ ವರ್ಷ ಏರಿಸುತ್ತಾ 2020ಕ್ಕೆ ಅದನ್ನು 400 ರಿಯಾಲ್ ಮಾಡಿತು. ಆ ವರ್ಷಗಳಲ್ಲಿ ಎಷ್ಟು ಕುಟುಂಬಗಳು ಗಂಟುಮೂಟೆ ಕಟ್ಟಿ ಊರಿಗೆ ಮರಳಿದವೆಂದು ನೀವೇ ಕಂಡಿದ್ದೀರಿ. ಕುವೈತ್ 2021ರಲ್ಲಿ ಅರವತ್ತು ದಾಟಿದ, ಪದವಿಯಿಲ್ಲದ ವಿದೇಶೀಯರ ಪರವಾನಗಿ ನವೀಕರಣವನ್ನೇ ತಡೆಹಿಡಿಯಿತು. 2022ರಲ್ಲಿ ದೊಡ್ಡ ಶುಲ್ಕ ಮತ್ತು ವಿಮೆಯ ಷರತ್ತಿನ ಮೇಲೆ ಮತ್ತೆ ಬಿಟ್ಟಿತು. ತಮ್ಮ ದೇಶಕ್ಕೆ ಬೇಕಾದ ಕಾನೂನು ಮಾಡುವುದು ಅವರ ಹಕ್ಕು. ಆದರೆ ಆ ಕಾನೂನಿನಲ್ಲಿ ನಮಗೆ ಮಾತಿಲ್ಲ, ಮತವಿಲ್ಲ ಎಂಬುದನ್ನು ಮರೆಯಬಾರದು.

ಕೊರೋನಾ ಕಾಲ ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟಿತು. 2021ರ ಏಪ್ರಿಲ್ ಕೊನೆಗೆ ಯುಎಇ ಭಾರತದಿಂದ ಬರುವ ಪ್ರಯಾಣಿಕರನ್ನು ತಡೆಯಿತು. ಅಲ್ಲಿನ ಪೌರರಿಗೆ ವಿನಾಯಿತಿ ಇತ್ತು. ಸಾಮಾನ್ಯ ವೀಸಾ ಇದ್ದವರು, ಅಲ್ಲಿ ಮನೆ ಮಠ ಇದ್ದರೂ, ಆಗಸ್ಟ್‌ವರೆಗೆ ಇಲ್ಲೇ ಕಾಯಬೇಕಾಯಿತು.

ದುಡ್ಡಿನ ಲೆಕ್ಕ

ಗಲ್ಫ್‌ನಲ್ಲಿ ನಮ್ಮವರಿಗೆ ಪಿಂಚಣಿ ಇಲ್ಲ. ಕೆಲಸ ಬಿಡುವಾಗ ಗ್ರಾಚುಟಿ ಸಿಗುತ್ತದೆ. ಯುಎಇ ಕಾನೂನಿನಂತೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ, ನಂತರ ವರ್ಷಕ್ಕೆ 30 ದಿನದ ಮೂಲ ವೇತನ. ಒಟ್ಟು ಎರಡು ವರ್ಷದ ವೇತನಕ್ಕಿಂತ ಹೆಚ್ಚಾಗುವಂತಿಲ್ಲ. ಮೂರು ಸಾವಿರ ದಿರ್ಹಂ ಮೂಲ ವೇತನದಲ್ಲಿ 25 ವರ್ಷ ದುಡಿದವನ ಕೈಗೆ ಬರುವುದು ಸುಮಾರು 70 ಸಾವಿರ ದಿರ್ಹಂ. ನಮ್ಮೂರಲ್ಲಿ ಅದು ದೊಡ್ಡ ಹಣ. ದುಬೈಯಲ್ಲಿ ಬಾಡಿಗೆ, ವಿಮೆ, ದಿನಸಿ ಎಂದು ಖರ್ಚು ಮಾಡಲು ಹೊರಟರೆ ಅದು ಎಷ್ಟು ದಿನ ಉಳಿದೀತು?

"ಊರಲ್ಲಿ ಅಂಗಡಿಯ ಬಾಡಿಗೆ ಬರುತ್ತದಲ್ಲ" ಎನ್ನುವವರಿದ್ದಾರೆ. ಇಲ್ಲೊಂದು ಸೂಕ್ಷ್ಮವಿದೆ. ದಿರ್ಹಂ 1997ರಿಂದ ಡಾಲರಿಗೆ ಒಂದೇ ದರದಲ್ಲಿ ಕಟ್ಟಿಕೊಂಡಿದೆ. ನಮ್ಮ ರೂಪಾಯಿ ಮಾತ್ರ ಇಳಿಯುತ್ತಾ ಬಂದಿದೆ. 2005ರ ಸುಮಾರಿಗೆ ಒಂದು ದಿರ್ಹಂಗೆ 12 ರೂಪಾಯಿ ಇತ್ತು. 2024ರಲ್ಲಿ 22 ದಾಟಿತ್ತು. ಅಲ್ಲಿ ದುಡಿದು ಇಲ್ಲಿಗೆ ಕಳುಹಿಸುತ್ತಿದ್ದಾಗ ರೂಪಾಯಿ ಇಳಿದರೆ ನಮಗೆ ಸಂತೋಷವಾಗುತ್ತಿತ್ತು. ಇಲ್ಲಿನ ಬಾಡಿಗೆಯಿಂದ ಅಲ್ಲಿ ಬದುಕಲು ಹೊರಟರೆ ಅದೇ ನಷ್ಟವಾಗುತ್ತದೆ. ಮೂವತ್ತು ಸಾವಿರ ರೂಪಾಯಿ 2005ರಲ್ಲಿ 2,500 ದಿರ್ಹಂ ಆಗುತ್ತಿತ್ತು. 2024ರಲ್ಲಿ ಅದು 1,400 ದಿರ್ಹಂ ಕೂಡ ಆಗುತ್ತಿರಲಿಲ್ಲ.

ಕಾಯಿಲೆ ಬಿದ್ದಾಗ

ದುಬೈಯಲ್ಲಿ ಆರೋಗ್ಯ ವಿಮೆ ಇಲ್ಲದೆ ವೀಸಾ ನವೀಕರಣವಾಗುವುದಿಲ್ಲ. ಕೆಲಸದಲ್ಲಿದ್ದಾಗ ಅದನ್ನು ಕಂಪೆನಿ ಕಟ್ಟುತ್ತದೆ. ನಿವೃತ್ತಿಯ ಬಳಿಕ ನಾವೇ ಕಟ್ಟಬೇಕು. ಅರವತ್ತೈದು ದಾಟಿದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇದ್ದವರಿಗೆ ಕಂತು ಬಹಳ ಏರುತ್ತದೆ. ಕಡಿಮೆ ಬೆಲೆಯ ವಿಮೆಯಲ್ಲಿ ದೊಡ್ಡ ಚಿಕಿತ್ಸೆಗೆ ಮಿತಿ ಇರುತ್ತದೆ. ದುಡಿಯುವ ಮಗ ಹಣವನ್ನು ಹೇಗಾದರೂ ಹೊಂದಿಸುತ್ತಾನೆ. ಆದರೆ ಹೆತ್ತವರು ನೋವನ್ನು ಮುಚ್ಚಿಡಲು ತೊಡಗುತ್ತಾರೆ. "ಮಗನಿಗೆ ಖರ್ಚು" ಎಂದು ಮಂಡಿ ನೋವನ್ನೂ ಎದೆ ನೋವನ್ನೂ ನುಂಗಿಕೊಳ್ಳುವ ತಾಯಂದಿರು ನಮ್ಮಲ್ಲಿ ಇಲ್ಲವೇ?

ಹೆಂಡತಿ ಒಬ್ಬಳೇ ಉಳಿದಾಗ

ಸಹೋದರಿಯರೇ, ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು. ನಿವೃತ್ತಿ ವೀಸಾ ಸಾಮಾನ್ಯವಾಗಿ ಗಂಡನ ಹೆಸರಿನಲ್ಲಿರುತ್ತದೆ. ಹೆಂಡತಿ ಅವನ ಅವಲಂಬಿತೆ. ನಾಳೆ ಅವನು ತೀರಿಕೊಂಡರೆ ಅವಳ ವೀಸಾ ಯಾರ ಮೇಲೆ ನಿಲ್ಲುತ್ತದೆ? ಯುಎಇ 2018ರಲ್ಲಿ ಒಂದು ಕರುಣೆಯ ಕೆಲಸ ಮಾಡಿತು. ವಿಧವೆಯರಿಗೂ ವಿಚ್ಛೇದಿತೆಯರಿಗೂ ಪ್ರಾಯೋಜಕರಿಲ್ಲದೆ ಒಂದು ವರ್ಷ ಉಳಿಯಲು ಅವಕಾಶ ಕೊಟ್ಟಿತು. ಒಳ್ಳೆಯದೇ. ಆದರೆ ಒಂದು ವರ್ಷ ಎಂದರೆ ಎಷ್ಟು? ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಕಳೆದು, ಕಾಗದ ಪತ್ರ ಹುಡುಕಿ, ಕೋರ್ಟಿಗೆ ಅಲೆಯುವಷ್ಟರಲ್ಲಿ ಅದು ಮುಗಿಯುತ್ತಾ ಬರುತ್ತದೆ.

ಹೌದು, ಕೋರ್ಟಿಗೆ ಅಲೆಯಬೇಕಾಗುತ್ತದೆ. ಮೃತನ ಬ್ಯಾಂಕ್ ಖಾತೆಯ ಹಣ ವಾರಸುದಾರರು ಯಾರೆಂದು ನ್ಯಾಯಾಲಯ ಹೇಳುವವರೆಗೆ ಕೈಗೆ ಬರುವುದಿಲ್ಲ. ಅವನ ಹೆಸರಿನ ಫ್ಲಾಟ್ ಕೂಡ ಹಾಗೆಯೇ. ನಿಕಾಹ್, ಮಕ್ಕಳ ಜನನ ಇವುಗಳ ದಾಖಲೆಗಳಿಗೆ ನಮ್ಮ ವಿದೇಶಾಂಗ ಸಚಿವಾಲಯದ ಮತ್ತು ಆ ದೇಶದ ರಾಯಭಾರ ಕಚೇರಿಯ ದೃಢೀಕರಣ ಬೇಕು, ಅರಬಿ ಭಾಷಾಂತರ ಬೇಕು. ಜಮಾಅತಿನ ನಿಕಾಹ್ ಪುಸ್ತಕದ ನಕಲು ಹಾಗೆಯೇ ನಡೆಯುವುದಿಲ್ಲ.

ಮೀರಾಸ್ ಪಾಠ ಮಾಡುವಾಗ ನಾವು ಮಕ್ಕಳಿಗೆ ಕಲಿಸುತ್ತೇವೆ: ಮಕ್ಕಳಿದ್ದರೆ ಹೆಂಡತಿಗೆ ಎಂಟರಲ್ಲಿ ಒಂದು ಪಾಲು. ಆ ಪಾಲು ಅವಳ ಹಕ್ಕು, ಯಾರ ದಯೆಯೂ ಅಲ್ಲ. ಆದರೆ ಗಂಡನ ಎಲ್ಲ ಆಸ್ತಿಯನ್ನೂ ಒಂದು ಫ್ಲಾಟಿಗೆ ಹಾಕಿದ್ದರೆ ಎಂಟನೆಯ ಒಂದು ಪಾಲಿನಲ್ಲಿ ಅವಳು ವಾಸಿಸುವುದೆಲ್ಲಿ? ಫ್ಲಾಟಿನ ಬೆಲೆ ಮೇಲೆ ನಿಂತಿದ್ದ ವೀಸಾದ ಗತಿ ಏನು? ಊರಿನ ಮನೆಯನ್ನು ಆಗಲೇ ಮಾರಿಯಾಗಿರುತ್ತದೆ. ಎಪ್ಪತ್ತು ವರ್ಷದ ವಿಧವೆ ಒಂದು ಸೂಟ್‌ಕೇಸ್ ಹಿಡಿದು ತವರಿಗೋ ಮಗಳ ಮನೆಗೋ ಬರಬೇಕಾಗುತ್ತದೆ. ಅದಕ್ಕಾಗಿಯೇ ಗಂಡನ ಬದುಕಿನಲ್ಲೇ ಹೆಂಡತಿಯ ಹೆಸರಿಗೆ ಸ್ವಂತ ಆಸ್ತಿ ಮಾಡಿಡುವುದು ಅಗತ್ಯ.

ಹದಿನಾಲ್ಕನೆಯ ಮಹಡಿಯ ಒಂಟಿತನ

ಕಾನೂನು, ಹಣ ಎಲ್ಲ ಸರಿಯಾಗಿದ್ದರೂ ಇನ್ನೊಂದು ಮಾತಿದೆ. ಮಗ ಸೊಸೆ ಬೆಳಿಗ್ಗೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ. ಮನೆಯಲ್ಲಿ ಇಬ್ಬರು ಹಿರಿಯರು, ಎದುರಿಗೆ ಟಿ.ವಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ನಲವತ್ತು ಡಿಗ್ರಿ ದಾಟುವುದರಿಂದ ಹಗಲು ಹೊರಗೆ ಕಾಲಿಡುವಂತಿಲ್ಲ. ಪಕ್ಕದ ಮನೆಯವರ ಭಾಷೆ ಬೇರೆ. ಊರಲ್ಲಾದರೆ ಬ್ಯಾರಿಯೋ ನವಾಯತಿಯೋ ಕನ್ನಡವೋ ಮಾತನಾಡುತ್ತಾ ಹತ್ತು ಜನ ಅಂಗಳಕ್ಕೆ ಬಂದು ಹೋಗುತ್ತಾರೆ. ಮದುವೆಗೆ, ಮಯ್ಯಿತ್ತಿಗೆ, ಬಾಣಂತಿ ನೋಡಲು ಕರೆಯುತ್ತಾರೆ. ವಯಸ್ಸಾದ ಹೆಣ್ಣಿಗೆ ಊರಲ್ಲಿ ಒಂದು ಸ್ಥಾನವಿದೆ. ಅಲ್ಲಿ ಅವಳು ಅಜ್ಜಿ ಮಾತ್ರ, ಅದೂ ಮಕ್ಕಳು ಶಾಲೆಯಿಂದ ಬಂದ ಮೇಲೆ.

ಹಾಗಾದರೆ ಮಾಡಬೇಕಾದದ್ದೇನು?

ಮಕ್ಕಳ ಬಳಿ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಹೋಗಿ, ಕೆಲವು ತಿಂಗಳು ಇದ್ದು ಬನ್ನಿ. ಆದರೆ ಊರಿನ ಬೇರನ್ನು ಕಡಿದುಕೊಂಡು ಹೋಗಬೇಡಿ.

ಊರಿನ ಮನೆ ಚಿಕ್ಕದಾದರೂ ಮಾರಬೇಡಿ. ಅದರ ಒಂದು ಭಾಗವಾದರೂ ನಿಮ್ಮ ಹೆಸರಿನಲ್ಲಿ ನೋಂದಣಿಯಾಗಿರಲಿ. ಇಲ್ಲಿನ ಆಧಾರ್, ಪಾನ್, ಬ್ಯಾಂಕ್ ಖಾತೆಗಳನ್ನು ಚಾಲ್ತಿಯಲ್ಲಿಡಿ. ಗಂಡನ ಖಾತೆಗಳು ಎಲ್ಲೆಲ್ಲಿವೆ, ವಿಮೆ ಯಾವುದು, ಗ್ರಾಚುಟಿ ಎಷ್ಟು ಬಂತು, ಸಾಲ ಇದೆಯೇ ಎಂದು ನಿಮಗೆ ತಿಳಿದಿರಲಿ. ಕೇಳಲು ಸಂಕೋಚ ಬೇಡ. ನಿಕಾಹ್ ಮತ್ತು ಜನನ ದಾಖಲೆಗಳ ದೃಢೀಕರಣವನ್ನು ಕೈಕಾಲು ಗಟ್ಟಿಯಿರುವಾಗಲೇ ಮಾಡಿಸಿ. ಸಾಲ ಮತ್ತು ಅಮಾನತ್ತುಗಳ ವಸಿಯ್ಯತ್ತನ್ನು ಬರೆದಿಡಲು ಹೇಳಿ. ಭಾರತ ಇಬ್ಬಗೆಯ ಪೌರತ್ವ ಒಪ್ಪುವುದಿಲ್ಲ. ನಿಮ್ಮ ಕೈಯಲ್ಲಿರುವ ಪಾಸ್‌ಪೋರ್ಟ್ ಇದೊಂದೇ ದೇಶದ್ದು ಎಂಬುದು ನೆನಪಿರಲಿ.

ಗಂಡು ಮಕ್ಕಳೊಡನೆಯೂ ಒಂದು ಮಾತು. ತಂದೆ ತಾಯಿಯನ್ನು ಜೊತೆಗಿಟ್ಟುಕೊಳ್ಳುವ ನಿಮ್ಮ ಆಸೆ ಶ್ಲಾಘನೀಯ. ಆದರೆ ನಿಮ್ಮ ಕೆಲಸ ಹೋದರೂ ಅವರು ನಿಶ್ಚಿಂತೆಯಿಂದ ಮಲಗಬಲ್ಲ ಒಂದು ಸೂರು ಊರಲ್ಲಿ ಇದೆಯೇ ಎಂದು ಮೊದಲು ನೋಡಿ. ದುಡಿಯುವ ಪ್ರಾಯದಲ್ಲಿ ಅನುಮತಿ ಪಡೆದು ಬದುಕಬಹುದು. ವಯಸ್ಸಾದ ಮೇಲೆ ಯಾರ ಅನುಮತಿಯೂ ಬೇಡದ ಒಂದು ಬಾಗಿಲು ಬೇಕು. ಅದರ ಬೀಗದ ಕೈ ಮನೆಯ ಯಜಮಾನನ ಬಳಿ ಮಾತ್ರವಲ್ಲ, ಯಜಮಾನತಿಯ ಬಳಿಯೂ ಇರಲಿ.

ಈ ತಿಂಗಳು ಗಂಡ ಮಕ್ಕಳು ಫೋನ್ ಮಾಡಿದಾಗ ಈ ವಿಷಯವನ್ನು ಒಮ್ಮೆ ಮಾತಿಗೆ ತೆಗೆಯಿರಿ.