ವಾಹಿನಿ ಹೆಚ್ಚಿದವು, ಸುದ್ದಿ ಎಲ್ಲಿ ಸ್ವಾಮಿ?



ದಿನವಿಡೀ ಕನ್ನಡದಲ್ಲೇ ಸುದ್ದಿ ಎಂದು 2006ರಲ್ಲಿ ಟಿವಿ9 ಬಂದಾಗ ನಾವೆಲ್ಲ ಎದೆಯುಬ್ಬಿಸಿದ್ದೆವು. ಹಿಂದೆಯೇ 2008ರಲ್ಲಿ ಸುವರ್ಣ, 2012ರಲ್ಲಿ ಪಬ್ಲಿಕ್. (ಚೆನ್ನೈ ಒಡೆತನದ ಉದಯ ನ್ಯೂಸ್ 2017ರಲ್ಲಿ ಬಾಗಿಲು ಹಾಕಿತು, ಅದು ಬೇರೆ ಕಥೆ.) ಸುದ್ದಿ ಹೆಚ್ಚಿತೇ?

ಒಂದು ಪರೀಕ್ಷೆ. 2020ರ ಸೆಪ್ಟೆಂಬರಿನಲ್ಲಿ ಮಾದಕವಸ್ತು ಪ್ರಕರಣದಲ್ಲಿ ಬಂಧಿತರಾದ ನಟಿಯರ ಹೆಸರು ಹೇಳಿ. ಥಟ್ಟನೆ ಬಂತಲ್ಲ? ಮರುತಿಂಗಳೇ ಭೀಮೆ ಉಕ್ಕಿ ಕಲಬುರಗಿ, ವಿಜಯಪುರದ ಊರುಗಳಿಗೆ ನುಗ್ಗಿದಳು. ಮುಳುಗಿದ ಒಂದೇ ಒಂದು ಹಳ್ಳಿಯ ಹೆಸರು ಹೇಳಿ ನೋಡೋಣ! ನಾಚಿಕೆ ನಿಮಗಲ್ಲ, ಯಾವುದನ್ನು ಎಷ್ಟು ಸಲ ತೋರಿಸಬೇಕೆಂದು ತೀರ್ಮಾನಿಸುವವರಿಗೆ.

ಎಲ್ಲವೂ ದುಡ್ಡಿನ ಲೆಕ್ಕ. ಅಫಜಲಪುರಕ್ಕೆ ವರದಿಗಾರ, ಕ್ಯಾಮೆರಾ, ಗಾಡಿ ಕಳಿಸಲು ಖರ್ಚುಂಟು. ಬೆಂಗಳೂರಿನ ಸ್ಟುಡಿಯೋದಲ್ಲಿ ನಾಲ್ವರನ್ನು ಕೂರಿಸಿ ಕಿರುಚಿಸಲು ನಾಲ್ಕು ಲೋಟ ಕಾಫಿ ಸಾಕು. ಬೆಳಗಿನ ಹೊತ್ತಿಗೆ ಜ್ಯೋತಿಷಿ ಇದ್ದೇ ಇದ್ದಾರೆ. ಟಿಆರ್‌ಪಿ ಬಂತು, ಜಾಹೀರಾತೂ ಬಂತು!

ಇನ್ನು ಭಾಷೆ. 'ಬಿಗ್ ಬ್ರೇಕಿಂಗ್', 'ಎಕ್ಸ್‌ಕ್ಲೂಸಿವ್', 'ಶಾಕಿಂಗ್'. ಲಿಪಿ ನಮ್ಮದು, ಅಷ್ಟೇ.

ನಿಮ್ಮೂರಿನ ಹತ್ತು ಜನ ಸೇರಿ ವಾಹಿನಿಗಳಿಗೆ ಕಾಗದ ಬರೆಯಿರಿ: ನಮ್ಮ ತಾಲ್ಲೂಕಿಗೆ ನಿಮ್ಮ ಕ್ಯಾಮೆರಾ ಕೊನೆಯ ಸಲ ಬಂದದ್ದು ಯಾವಾಗ? ಉತ್ತರ ಬರದಿದ್ದರೆ ಅವರ ಕಚೇರಿ ಬಾಗಿಲಲ್ಲೇ ನಿಂತು ಕೇಳೋಣ.